ಐದು ಲಕ್ಷಕ್ಕೆ ರಸ್ತೆಗಿಳಿಯುವ ಕಾರು: ವಿನ್ಯಾಸಕ್ಕೆ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕಡಿಮೆ ಬೆಲೆಯ ಕಾರು ಮಾಡಬೇಕು ಅಂದ ತಕ್ಷಣ ಹೆಚ್ಚಿನವರು ಮಾಡುವ ಕೆಲಸ ಒಂದೇ. ಈಗಾಗಲೇ ಇರುವ ಒಂದು ಕಾರನ್ನು ಎದುರಿಗಿಟ್ಟುಕೊಂಡು ಒಂದೊಂದೇ ವಸ್ತು ತೆಗೆಯುತ್ತಾ ಹೋಗುತ್ತಾರೆ. ಮ್ಯೂಸಿಕ್ ಸಿಸ್ಟಮ್ ಹೋಯಿತು, ಹಿಂದಿನ ಪವರ್ ವಿಂಡೋ ಹೋಯಿತು, ಆಮೇಲೆ ಏರ್‌ಬ್ಯಾಗ್ ಮೇಲೆ ಕಣ್ಣು ಬೀಳುತ್ತದೆ. ಇಷ್ಟು ಮಾಡಿದರೂ ಬೆಲೆ ಅಷ್ಟೇನೂ ಇಳಿಯುವುದಿಲ್ಲ. ಯಾಕೆಂದರೆ ಕಾರಿನ ಖರ್ಚು ನಿಂತಿರುವುದು ಮೊದಲ ಕೆಲವು ತೀರ್ಮಾನಗಳ ಮೇಲೆ. ಉದ್ದ ಎಷ್ಟು, ತೂಕ ಎಷ್ಟು, ಎಂಜಿನ್ ಯಾವುದು, ವರ್ಷಕ್ಕೆ ಎಷ್ಟು ಕಾರು ಮಾಡುತ್ತೀರಿ? ಇವು ತಪ್ಪಾದರೆ ಮುಂದೆ ಎಷ್ಟು ಕತ್ತರಿಸಿದರೂ ಪ್ರಯೋಜನವಿಲ್ಲ.

ಈ ಕೆಲಸಕ್ಕೆ ಬೆಂಗಳೂರು ಒಳ್ಳೆಯ ಜಾಗ. ಪೀಣ್ಯ, ಬೊಮ್ಮಸಂದ್ರ, ಜಿಗಣಿಯಲ್ಲಿ ಬೇಕಾದ ಮಷೀನ್ ಶಾಪ್‌ಗಳಿವೆ. ರಾಜಾಜಿನಗರದಲ್ಲಿ ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚು ಮಾಡಲು ಕಲಿಸುವ ಜಿಟಿಟಿಸಿ ಇದೆ, ತುಮಕೂರು ರಸ್ತೆಯಲ್ಲಿ ಯಂತ್ರ ತಯಾರಿಕೆಯ ಸಂಶೋಧನೆ ಮಾಡುವ ಸಿಎಂಟಿಐ ಇದೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ. ವೈಟ್‌ಫೀಲ್ಡ್ ಕಡೆಯ ಆರ್ ಆಂಡ್ ಡಿ ಕಚೇರಿಗಳಲ್ಲಿ ಹೊರದೇಶದ ದುಬಾರಿ ಕಾರುಗಳಿಗೆ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ ಲೆಕ್ಕವೂ ಗೊತ್ತು, ಸಾಫ್ಟ್‌ವೇರೂ ಗೊತ್ತು. ಆ ಬುದ್ಧಿ ಹಾಸನದ ಒಬ್ಬ ಮೇಷ್ಟ್ರ ಮನೆಗೆ ಬೇಕಾದ ಕಾರಿಗೂ ಸಿಗಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಈ ಬರಹ.

ಹಂತ 1: ಗಿರಾಕಿ ಯಾರು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

"ಮಧ್ಯಮ ವರ್ಗ" ಅಂತ ಬರೆದುಕೊಂಡರೆ ಸಾಲದು. ಒಂದು ಮನೆಯನ್ನು ಹಿಡಿಯಿರಿ. ತಿಂಗಳಿಗೆ ಎಷ್ಟು ಸಂಪಾದನೆ, ಈಗ ಯಾವ ಗಾಡಿ ಇದೆ, ರಾತ್ರಿ ಎಲ್ಲಿ ನಿಲ್ಲಿಸುತ್ತಾರೆ, ವಾರಕ್ಕೆ ಎಷ್ಟು ಓಡಿಸುತ್ತಾರೆ, ಹಬ್ಬಕ್ಕೆ ಊರಿಗೆ ಹೋಗುವಾಗ ಎಷ್ಟು ಜನ, ಏನೇನು ಸಾಮಾನು? ಅಜ್ಜಿ ಮಂಡಿ ನೋವಿನಲ್ಲಿ ಹೇಗೆ ಹತ್ತುತ್ತಾರೆ? ಸೀರೆ ಉಟ್ಟವರು ಹಿಂದಿನ ಸೀಟಿಗೆ ಹೇಗೆ ಸರಿಯುತ್ತಾರೆ? ಇದನ್ನು ಕೇಳಿ ತಿಳಿದುಕೊಳ್ಳುವುದಕ್ಕಿಂತ ನಿಂತು ನೋಡುವುದು ಒಳ್ಳೆಯದು. ಕೇಳಿದರೆ ಎಲ್ಲರೂ ಸನ್‌ರೂಫ್ ಬೇಕು ಅಂತಾರೆ.

ಬೆಂಗಳೂರಿನಲ್ಲಿ ಒಂದು ಟೇಪ್ ಹಿಡಿದು ಹೊರಡಿ. ಇಲ್ಲಿನ ಹಳೆಯ ಬಡಾವಣೆಗಳಲ್ಲಿ 20x30, 30x40 ಅಡಿಯ ಸೈಟುಗಳೇ ಜಾಸ್ತಿ. 20x30 ಮನೆಯ ಮುಂದೆ ಸಿಗುವ ಪೋರ್ಟಿಕೊ ಅಳೆದು ನೋಡಿ. ಅಲ್ಲಿ 12 ಅಡಿ ಸಿಕ್ಕರೆ ಅದೃಷ್ಟ. ಅಂದರೆ ಸುಮಾರು 3.65 ಮೀಟರ್. ಆಲ್ಟೊ ಕೆ10 ಉದ್ದ 3.53 ಮೀಟರ್, ನ್ಯಾನೊ 3.1 ಮೀಟರ್, ಎಂಜಿ ಕಾಮೆಟ್ 3 ಮೀಟರ್‌ಗೂ ಸ್ವಲ್ಪ ಕಡಿಮೆ. ಗೇಟು ಮುಚ್ಚುತ್ತದೋ ಇಲ್ಲವೋ ಅನ್ನುವ ಒಂದೇ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಕಾರಿನ ಆಯ್ಕೆಯನ್ನು ತೀರ್ಮಾನಿಸುತ್ತದೆ.

ಇನ್ನೊಂದು ಮಾತು. ನಿಮ್ಮ ಪೈಪೋಟಿ ಸ್ಕೂಟರ್ ಜೊತೆ ಅಂದುಕೊಳ್ಳಬೇಡಿ. ಅಪ್ಪ, ಅಮ್ಮ, ಮಕ್ಕಳು ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ನೋಡಿ ರತನ್ ಟಾಟಾ ಅವರಿಗೆ ನ್ಯಾನೊ ಯೋಚನೆ ಬಂತು. ಆ ಕಳಕಳಿ ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಸ್ಕೂಟರಿನಿಂದ ಕಾರಿಗೆ ಬರುವ ಮನೆಯವರು ಶೋರೂಮಿಗೆ ಹೋಗುವ ಮುಂಚೆ ಐದಾರು ವರ್ಷ ಓಡಿದ ವ್ಯಾಗನ್-ಆರ್ ನೋಡಿರುತ್ತಾರೆ. ಆ ಹಳೆಯ ಕಾರು ದೊಡ್ಡದು, ಗಟ್ಟಿ, ನೆಂಟರ ಮುಂದೆ ನಿಲ್ಲಿಸಲು ಸಂಕೋಚವಿಲ್ಲ. ನಿಮ್ಮ ಹೊಸ ಕಾರು ಆ ಹಳೆಯ ಕಾರನ್ನು ಗೆಲ್ಲಬೇಕು. ನ್ಯಾನೊಗೆ "ಅತಿ ಅಗ್ಗದ ಕಾರು" ಅನ್ನುವ ಹಣೆಪಟ್ಟಿ ಅಂಟಿದ್ದು ತಪ್ಪಾಯಿತು ಅಂತ ರತನ್ ಟಾಟಾ ಅವರೇ ನಂತರ ಹೇಳಿದ್ದರು. ಸಾಣಂದಿನ ಕಾರ್ಖಾನೆಗೆ ವರ್ಷಕ್ಕೆ 2.5 ಲಕ್ಷ ಕಾರು ಮಾಡುವ ಶಕ್ತಿ ಇತ್ತು. ಮಾರಾಟ ಅದರ ಹತ್ತಿರಕ್ಕೂ ಹೋಗಲಿಲ್ಲ.

ಹಂತ 2: ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಇದು ಇಡೀ ಕೆಲಸದ ಬೆನ್ನೆಲುಬು. ಕಾರು ಮಾಡಿ ಆಮೇಲೆ ಬೆಲೆ ಹಾಕಬಾರದು. ಗಿರಾಕಿ ಕೊಡುವ ದುಡ್ಡಿನಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಗಿರಾಕಿಗೆ ಎಕ್ಸ್-ಶೋರೂಂ ಬೆಲೆ ಮುಖ್ಯವಲ್ಲ, ರಸ್ತೆ ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿದ ಆನ್-ರೋಡ್ ಬೆಲೆ ಮುಖ್ಯ. ಬೆಂಗಳೂರಿನಲ್ಲಿ 5 ಲಕ್ಷ ಆನ್-ರೋಡ್ ಅಂತ ಇಟ್ಟುಕೊಂಡು ಒಂದು ಮಾದರಿ ಲೆಕ್ಕ ಮಾಡೋಣ.

ಕರ್ನಾಟಕದಲ್ಲಿ ರಸ್ತೆ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. 5 ಲಕ್ಷದವರೆಗಿನ ಕಾರಿಗೆ 13%, ಅದರ ಮೇಲೆ ಸೆಸ್. ಸೇರಿಸಿ 14% ದಾಟುತ್ತದೆ. ವಿಮೆ, ನೋಂದಣಿ ಅಂತ 25,000 ಇಡೋಣ. ಆಗ ಎಕ್ಸ್-ಶೋರೂಂ ಬೆಲೆ ಸುಮಾರು 4.15 ಲಕ್ಷಕ್ಕೆ ಬರುತ್ತದೆ. ಅದರಲ್ಲಿ 18% ಜಿಎಸ್‌ಟಿ ಕೂತಿದೆ. ಅದನ್ನು ತೆಗೆದರೆ 3.52 ಲಕ್ಷ. ಡೀಲರ್ ಕಮಿಷನ್, ಸಾಗಣೆ ಅಂತ 25,000 ಹೋದರೆ ಕಂಪನಿ ಕೈಗೆ 3.27 ಲಕ್ಷ. ಇದರಲ್ಲಿ ಕಾರ್ಖಾನೆಯ ಸಂಬಳ, ಕರೆಂಟು, ವಾರಂಟಿ, ಜಾಹೀರಾತು, ವಿನ್ಯಾಸಕ್ಕೆ ಹಾಕಿದ ದುಡ್ಡಿನ ವಸೂಲಿ, ಸ್ವಲ್ಪ ಲಾಭ. ಇವಕ್ಕೆಲ್ಲ ಕಾಲು ಭಾಗ ಇಟ್ಟರೆ ಉಳಿಯುವುದು 2.45 ಲಕ್ಷ.

ಗಿರಾಕಿ ಕೊಟ್ಟ 5 ಲಕ್ಷದಲ್ಲಿ ಕಬ್ಬಿಣ, ರಬ್ಬರ್, ಗಾಜು, ತಾಮ್ರ, ಪ್ಲಾಸ್ಟಿಕ್‌ಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ಈ 2.45 ಲಕ್ಷವೇ ನಿಮ್ಮ ಬಿಓಎಂ, ಅಂದರೆ ಎಲ್ಲ ಬಿಡಿಭಾಗಗಳ ಒಟ್ಟು ಬೆಲೆ. ಇದನ್ನು ಗೋಡೆಗೆ ಬರೆದು ಅಂಟಿಸಿ.

ಈಗ ಹಂಚಿ. ನಾನಾದರೆ ಹೀಗೆ ಶುರು ಮಾಡುತ್ತೇನೆ: ಎಂಜಿನ್, ಗೇರ್‌ಬಾಕ್ಸ್, ಎಕ್ಸಾಸ್ಟ್‌ಗೆ 75,000. ಕಾರಿನ ಬಾಡಿ ಭಾಗಕ್ಕೆ 50,000. ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್, ಚಕ್ರಗಳಿಗೆ 42,000. ವೈರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್), ದೀಪಗಳಿಗೆ 28,000. ಸೀಟು, ಡ್ಯಾಶ್‌ಬೋರ್ಡ್, ಗಾಜು, ಒಳಗಿನ ಹೊದಿಕೆಗೆ 28,000. ಎಸಿಗೆ 12,000. ಏರ್‌ಬ್ಯಾಗ್, ಸೀಟ್‌ಬೆಲ್ಟ್‌ಗೆ 10,000. ನಿಮ್ಮ ಹಂಚಿಕೆ ಬೇರೆ ಇರಬಹುದು. ಆದರೆ ಒಂದು ನಿಯಮ ಇರಲಿ. ಯಾವ ತಂಡಕ್ಕಾದರೂ ಜಾಸ್ತಿ ದುಡ್ಡು ಬೇಕಾದರೆ ಇನ್ನೊಂದು ತಂಡದವರು ಬಿಟ್ಟುಕೊಡಬೇಕು. ಒಟ್ಟು ಮೊತ್ತ ಅಲ್ಲಾಡಬಾರದು.

ಕಾರಿನ ತೂಕ 750 ಕೆ.ಜಿ. ಅಂತ ಇಟ್ಟುಕೊಂಡರೆ, ಒಂದು ಕೆ.ಜಿ. ಕಾರಿಗೆ ಸುಮಾರು 325 ರೂಪಾಯಿ. ಇದು ಕೈಗೆ ಸಿಗುವ ಒಳ್ಳೆಯ ಅಳತೆ. ತೂಕ ಸುಮ್ನೆ ಏರುವುದಿಲ್ಲ, ಜೊತೆಗೆ ಬೇರೆಯದನ್ನೂ ಏರಿಸುತ್ತದೆ. ಬಾಡಿ ಭಾರವಾದರೆ ಬ್ರೇಕ್ ದೊಡ್ಡದಾಗಬೇಕು, ಸ್ಪ್ರಿಂಗ್ ದಪ್ಪ ಆಗಬೇಕು, ಎಂಜಿನ್‌ಗೆ ಶಕ್ತಿ ಜಾಸ್ತಿ ಬೇಕು, ಆಗ ಎಂಜಿನ್ ಕೂಡ ಭಾರ. ಕೆಳಗಿಳಿಯುವಾಗಲೂ ಹೀಗೆಯೇ ಒಂದು ಇನ್ನೊಂದನ್ನು ಎಳೆದುಕೊಂಡು ಇಳಿಯುತ್ತದೆ. ಅದಕ್ಕೇ ತೂಕದ ಪಟ್ಟಿಯನ್ನು ವಾರವಾರ ನೋಡಿ, ದುಡ್ಡಿನ ಪಟ್ಟಿಯಷ್ಟೇ ಗಂಭೀರವಾಗಿ.

ಕೊನೆಗೆ ತಿಂಗಳ ಲೆಕ್ಕವನ್ನೂ ಬರೆಯಿರಿ. 4 ಲಕ್ಷ ಸಾಲ, 9% ಬಡ್ಡಿ, 7 ವರ್ಷ ಅಂದರೆ ಇಎಂಐ 6,400 ರೂಪಾಯಿಯ ಆಸುಪಾಸು. ತಿಂಗಳಿಗೆ 800 ಕಿ.ಮೀ. ಓಡಿಸಿ, ಲೀಟರ್‌ಗೆ 18 ಕಿ.ಮೀ. ಬಂದರೆ ಪೆಟ್ರೋಲಿಗೆ 4,500 ರೂಪಾಯಿ. ಇಎಂಐನ ಮೂರರಲ್ಲಿ ಎರಡು ಪಾಲನ್ನೂ ದಾಟುತ್ತದೆ ಅಲ್ವಾ? ಮನೆಯವರ ಪಾಲಿಗೆ ಕಾರಿನ ಬೆಲೆ ಅಂದರೆ ಇವೆರಡೂ ಸೇರಿದ್ದು.

ಹಂತ 3: ತೆರಿಗೆಯ ಚೌಕಟ್ಟು ಓದದೆ ಪೆನ್ಸಿಲ್ ಹಿಡಿಯಬೇಡಿ

ನಮ್ಮ ದೇಶದಲ್ಲಿ 2006ರಿಂದ ಸಣ್ಣ ಕಾರಿಗೆ ತೆರಿಗೆ ಕಡಿಮೆ. 4 ಮೀಟರ್ ಒಳಗೆ ಇರಬೇಕು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿಯಿತು, ಸೆಸ್ಸೂ ಹೋಯಿತು. ಎಲೆಕ್ಟ್ರಿಕ್ ಕಾರಿಗೆ 5%.

ಈ ಗೆರೆ ಎಷ್ಟು ಮುಖ್ಯ ಅಂತ ತಿಳಿಯಲು ಬಿಡದಿಯಲ್ಲೇ ಉದಾಹರಣೆ ಇದೆ. ಟೊಯೊಟಾ ಎಟಿಯೋಸ್ ಅನ್ನು ಭಾರತದಂಥ ಮಾರುಕಟ್ಟೆಗೆ ಅಂತಲೇ ಹೊಸದಾಗಿ ವಿನ್ಯಾಸ ಮಾಡಿದರು. 2010ರ ಡಿಸೆಂಬರಿನಲ್ಲಿ ಬಂತು. ಒಳಗೆ ಜಾಗ ಧಾರಾಳ, ಯಂತ್ರ ಗಟ್ಟಿ. ಆದರೆ ಸೆಡಾನ್ ಉದ್ದ 4.26 ಮೀಟರ್, ಎಂಜಿನ್ 1.5 ಲೀಟರ್. ಎರಡೂ ಗೆರೆಯಿಂದ ಆಚೆ. 4 ಮೀಟರ್ ಒಳಗೆ ಕತ್ತರಿಸಿಕೊಂಡ ಡಿಸೈರ್ ಮುಂದೆ ಬೆಲೆಯಲ್ಲಿ ನಿಲ್ಲುವುದು ಕಷ್ಟವಾಯಿತು. ಟ್ಯಾಕ್ಸಿಯವರು ಅದನ್ನು ಕೈಬಿಡಲಿಲ್ಲ, ಮನೆಯವರು ಅಷ್ಟಾಗಿ ಕೊಳ್ಳಲಿಲ್ಲ.

ಬೇರೆ ದೇಶಗಳಲ್ಲೂ ಇದೇ ಕಥೆ. ಬ್ರೆಜಿಲ್‌ನಲ್ಲಿ 1 ಲೀಟರ್ ಎಂಜಿನ್‌ಗೆ ತೆರಿಗೆ ರಿಯಾಯಿತಿ ಕೊಟ್ಟ ಮೇಲೆ ಅಲ್ಲಿ ಸಣ್ಣ ಕಾರುಗಳೆಲ್ಲ 1 ಲೀಟರ್ ಆದವು. ಇಂಡೋನೇಷ್ಯಾ 2013ರಲ್ಲಿ ಕಡಿಮೆ ಬೆಲೆಯ, ಜಾಸ್ತಿ ಮೈಲೇಜಿನ ಕಾರುಗಳಿಗೆ ಪ್ರತ್ಯೇಕ ನಿಯಮ ತಂದಿತು, ಅದಕ್ಕೆ ತಕ್ಕ ಕಾರುಗಳು ಹುಟ್ಟಿದವು. ಕೀನ್ಯಾದಲ್ಲಿ 8 ವರ್ಷದವರೆಗಿನ ಹಳೆಯ ಕಾರು ತರಿಸಬಹುದು. ಹಾಗಾಗಿ ಅಲ್ಲಿ ನಿಮ್ಮ ಎದುರಾಳಿ ಜಪಾನಿನಿಂದ ಬಂದ ಹಳೆಯ ಕಾರು. ಯಾವ ದೇಶಕ್ಕೆ ಕಳಿಸುತ್ತೀರೋ ಅಲ್ಲಿನ ಗೆರೆಗಳನ್ನು ಈಗಲೇ ಬರೆದುಕೊಳ್ಳಿ.

ಇನ್ನೊಂದು ಬಾಗಿಲೂ ಇದೆ, ಕ್ವಾಡ್ರಿಸೈಕಲ್, ಅಂದರೆ ಕಾರಿಗಿಂತ ಹಗುರವಾದ ನಾಲ್ಕು ಚಕ್ರದ ಗಾಡಿ. ಬಜಾಜ್ ಕ್ಯೂಟ್ ಆ ಗುಂಪಿನದು: 216 ಸಿಸಿ, 2.75 ಮೀಟರ್ ಉದ್ದ, ವೇಗ 70 ಕಿ.ಮೀ. ಮಿತಿ. ಆಟೋ ಬದಲಿಗೆ ಇದು ಒಳ್ಳೆಯದೇ. ಮನೆಯವರನ್ನು ಕೂರಿಸಿಕೊಂಡು ಮೈಸೂರು ಹೈವೇಗೆ ಹೋಗುವ ಗಾಡಿಯಾಗಿ ಇದನ್ನು ನಾನು ಒಪ್ಪುವುದಿಲ್ಲ.

ಹಂತ 4: ಒಳಗಿನಿಂದ ಹೊರಗೆ ಬರೆಯಿರಿ

ಮೊದಲು ನಾಲ್ಕು ಜನರನ್ನು ಕೂರಿಸಿ, ಆಮೇಲೆ ಸುತ್ತ ಕಾರು ಬರೆಯಿರಿ. ಸೀಟು ಎತ್ತರದಲ್ಲಿರಲಿ. ಸೊಂಟ ಇಳಿಸಿ ಬೀಳುವ ಹಾಗಿರಬಾರದು, ಸುಮ್ನೆ ಸರಿದು ಕೂರುವ ಹಾಗಿರಬೇಕು. ಎತ್ತರದಲ್ಲಿ ಕೂತರೆ ಕಾಲು ಚಾಚುವ ಉದ್ದ ಕಡಿಮೆ ಸಾಕು. ಹಾಗಾಗಿ ಸಣ್ಣ ಕಾರಿನಲ್ಲೂ ಜಾಗ ಸಿಗುತ್ತದೆ. ಎತ್ತರದ ಸಣ್ಣ ಕಾರುಗಳ ಗುಟ್ಟೇ ಇದು. ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿ.

ನ್ಯಾನೊದಲ್ಲಿ ಎಂಜಿನ್ ಹಿಂದೆ ಹೋದದ್ದರಿಂದ 3.1 ಮೀಟರಿನಲ್ಲೂ ನಾಲ್ಕು ಜನ ಹಾಯಾಗಿ ಕೂರುತ್ತಿದ್ದರು. ತಿರುಗುವ ತ್ರಿಜ್ಯ 4 ಮೀಟರ್. ಅವೆನ್ಯೂ ರಸ್ತೆಯಂಥ ಕಡೆ ಅದು ವರವೇ. ಆದರೆ ಡಿಕ್ಕಿಯ ಬಾಗಿಲು ಮೊದಲು ತೆರೆಯುತ್ತಿರಲಿಲ್ಲ. ಸಾಮಾನು ಹಾಕಲು ಹಿಂದಿನ ಸೀಟು ಮಡಚಬೇಕಿತ್ತು. 2015ರ ಮಾದರಿಯಲ್ಲಿ ಅದನ್ನು ಸರಿ ಮಾಡಿದರು. ಊರಿನಿಂದ ರಾಗಿ ಮೂಟೆ, ತೆಂಗಿನಕಾಯಿ ಚೀಲ ತರುವ ಜನಕ್ಕೆ ಡಿಕ್ಕಿ ತೆರೆಯದ ಕಾರು ಅರ್ಧ ಕಾರು.

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರವನ್ನು ಖಾಲಿ ಕಾರಿನಲ್ಲಿ ಅಳೆಯಬೇಡಿ. ನಾಲ್ಕು ಜನ, ಸಾಮಾನು ತುಂಬಿಸಿ ಅಳೆಯಿರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಅಡ್ಡರಸ್ತೆಗಳ ಹಂಪ್‌ಗಳು ಕಿರಿದು, ಚೂಪು. ಅಂಥ ಹಂಪ್ ಮೇಲೆ ಹೊಟ್ಟೆ ತಾಗುವುದು ಎರಡು ಚಕ್ರಗಳ ನಡುವಿನ ಅಂತರ ಜಾಸ್ತಿ ಇದ್ದಾಗ. ಅಂದರೆ ವೀಲ್‌ಬೇಸ್ ಉದ್ದ ಮಾಡಿದಷ್ಟೂ ಕ್ಲಿಯರೆನ್ಸ್ ಏರಿಸಬೇಕು. ಚಕ್ರದ ಸೈಜಿನಲ್ಲೂ ಜಿಪುಣತನ ಬೇಡ. 12 ಇಂಚಿನ ಚಕ್ರ ಗುಂಡಿಯೊಳಗೆ ಇಳಿದುಬಿಡುತ್ತದೆ. 13 ಅಥವಾ 14 ಇಂಚು, ದಪ್ಪ ಗೋಡೆಯ ಟೈರು ನಮ್ಮ ರಸ್ತೆಗೆ ಸರಿ.

ಮಳೆಗಾಲವನ್ನೂ ಬರೆದುಕೊಳ್ಳಿ. ನಮ್ಮ ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುತ್ತದೆ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಹೆಣ್ಣುಮಗಳ ಜೀವ ಹೋಯಿತು. ಯಾವ ಕಾರೂ ಅಂಥ ನೀರಿಗೆ ಇಳಿಯಬಾರದು. ಆದರೆ ಸಾಧಾರಣ ನೀರಿನಲ್ಲಿ ಕಾರು ನಿಂತುಹೋಗದ ಹಾಗೆ ಗಾಳಿ ಎಳೆಯುವ ಬಾಯಿ, ಇಸಿಯು, ಕನೆಕ್ಟರ್‌ಗಳನ್ನು ಎತ್ತರದಲ್ಲಿಡುವುದು ನಮ್ಮ ಕೈಯಲ್ಲಿದೆ. ಎಲ್ಲಿಡುತ್ತೀರಿ ಅನ್ನುವುದು ಮೊದಲೇ ತೀರ್ಮಾನವಾದರೆ ಇದಕ್ಕೆ ಬೇರೆ ಖರ್ಚಿಲ್ಲ. ಒಳಗಿನಿಂದ ಬಾಗಿಲು, ಕಿಟಕಿ ತೆರೆಯುವ ದಾರಿ ಕರೆಂಟು ಹೋದರೂ ಉಳಿಯಬೇಕು. ಕೈಯಲ್ಲಿ ತಿರುಗಿಸುವ ಕಿಟಕಿಯನ್ನು ಕೀಳಾಗಿ ನೋಡುವವರು ಇದನ್ನೊಮ್ಮೆ ಯೋಚಿಸಲಿ.

ಹಂತ 5: ಎಷ್ಟು ಕಾರು ಮಾಡುತ್ತೀರಿ ಅನ್ನುವುದೇ ಬಾಡಿಯನ್ನು ತೀರ್ಮಾನಿಸುತ್ತದೆ

ಮಾಮೂಲಿ ಕಾರಿನ ಬಾಡಿ ಅಂದರೆ ಉಕ್ಕಿನ ತಗಡನ್ನು ದೊಡ್ಡ ಪ್ರೆಸ್‌ನಲ್ಲಿ ಒತ್ತಿ, ಸ್ಪಾಟ್ ವೆಲ್ಡ್ ಮಾಡಿದ್ದು. ಒಂದೊಂದು ತುಂಡು ಅಗ್ಗ. ಅದನ್ನು ಒತ್ತುವ ಡೈಗಳು ವಿಪರೀತ ದುಬಾರಿ. ಟೂಲಿಂಗ್‌ಗೆ, ಅಂದರೆ ಇಂಥ ಡೈ, ಅಚ್ಚುಗಳಿಗೆ 300 ಕೋಟಿ ಹಾಕಿದಿರಿ ಅಂದುಕೊಳ್ಳಿ. 3 ಲಕ್ಷ ಕಾರು ಮಾರಿದರೆ ಒಂದು ಕಾರಿಗೆ 10,000 ರೂಪಾಯಿ ಬಿತ್ತು. 50,000 ಕಾರು ಮಾತ್ರ ಮಾರಿದರೆ 60,000 ರೂಪಾಯಿ! ಬಾಡಿ ಭಾಗಕ್ಕೆ ಇಟ್ಟ ಇಡೀ ಬಜೆಟ್ ಅಲ್ಲೇ ಮುಗಿಯಿತು.

ಇದಕ್ಕೆ ಬೇರೆ ದಾರಿಯನ್ನು ಬೆಂಗಳೂರೇ ತೋರಿಸಿದೆ. ಚೇತನ್ ಮೈನಿ ಅವರ ರೇವಾ ಎಲೆಕ್ಟ್ರಿಕ್ ಕಾರು 2001ರಲ್ಲಿ ಇಲ್ಲಿಂದಲೇ ರಸ್ತೆಗೆ ಬಂತು. ಅದಕ್ಕೆ ಉಕ್ಕಿನ ಪೈಪುಗಳ ಚೌಕಟ್ಟು, ಮೇಲೆ ಎಬಿಎಸ್ ಪ್ಲಾಸ್ಟಿಕ್‌ನ ಹೊದಿಕೆ. ದೊಡ್ಡ ಪ್ರೆಸ್ ಡೈಗಳೇ ಬೇಡ. ಸಣ್ಣ ಸಂಖ್ಯೆಯಲ್ಲಿ ಮಾಡಿದರೂ ನಡೆಯುತ್ತದೆ. ಸಣ್ಣಪುಟ್ಟ ತಾಕಿಗೆ ಪ್ಲಾಸ್ಟಿಕ್ ನೆಗ್ಗುವುದೂ ಇಲ್ಲ. ಲಂಡನ್ನಿನಲ್ಲಿ ಅದು ಜಿ-ವಿಜ್ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರ ಕಂಪನಿ ಅದರ ಹೆಚ್ಚಿನ ಪಾಲು ಕೊಂಡಿತು. 2013ರಲ್ಲಿ ಬಂದ ಇ2ಒ ಕೂಡ ಚೌಕಟ್ಟು ಮತ್ತು ಪ್ಲಾಸ್ಟಿಕ್ ಹೊದಿಕೆಯ ದಾರಿಯನ್ನೇ ಹಿಡಿಯಿತು.

ಈ ದಾರಿಯಲ್ಲಿ ವೆಲ್ಡಿಂಗ್, ಜೋಡಣೆಯ ಕೂಲಿ ಜಾಸ್ತಿ. ಸಂಖ್ಯೆ ಏರಿದ ಹಾಗೆ ಅದು ಹೊರೆಯಾಗುತ್ತದೆ. ಹಾಗಾಗಿ ಎರಡೂ ದಾರಿಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆಯಿರಿ: ವರ್ಷಕ್ಕೆ 5,000, 20,000, 1 ಲಕ್ಷ. ಎರಡು ಗೆರೆ ಎಲ್ಲಿ ಕೂಡುತ್ತವೆ ನೋಡಿ. ಹೊಸ ಕಂಪನಿ ಕಟ್ಟುವವರು ಮಾರಾಟದ ಅಂದಾಜನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಲೆಕ್ಕ ಹಾಕಲಿ. ಆಗಲೂ ನಿಂತರೆ ಮುಂದೆ ಹೋಗಿ.

ಹಂತ 6: ಸುರಕ್ಷತೆಯನ್ನು ಬಜೆಟ್ಟಿನ ಮೊದಲ ಸಾಲಿನಲ್ಲಿ ಬರೆಯಿರಿ

2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸೊನ್ನೆ ಸ್ಟಾರ್. ಎಲ್ಲರಿಗೂ ನೆನಪಿರುವುದು ಆ ಸೊನ್ನೆ. ವಿನ್ಯಾಸ ಮಾಡುವವರು ನೆನಪಿಡಬೇಕಾದ್ದು ಬೇರೆ. ಪೋಲೊ ಮತ್ತು ಫಿಗೊ ಕಾರುಗಳ ಒಳಕೋಣೆ ಕುಸಿಯಲಿಲ್ಲ. ಎರಡು ಏರ್‌ಬ್ಯಾಗ್ ಇದ್ದ ಪೋಲೊ ಅದೇ ಪರೀಕ್ಷೆಯಲ್ಲಿ 4 ಸ್ಟಾರ್ ಪಡೆಯಿತು. ಆದರೆ ಆಲ್ಟೊ 800, ನ್ಯಾನೊ, ಐ10 ಕಾರುಗಳ ಚೌಕಟ್ಟೇ ಕುಸಿದಿತ್ತು. ಅವಕ್ಕೆ ಏರ್‌ಬ್ಯಾಗ್ ಹಾಕಿದರೂ ಉಪಯೋಗವಿಲ್ಲ ಅಂತ ಪರೀಕ್ಷಿಸಿದವರು ಹೇಳಿದರು.

ಏರ್‌ಬ್ಯಾಗನ್ನು ನಂತರ ಸೇರಿಸಬಹುದು, ಚೌಕಟ್ಟನ್ನು ನಂತರ ಸೇರಿಸಲು ಆಗುವುದಿಲ್ಲ. ಗುದ್ದಿದಾಗ ಬಲ ಹರಿಯುವ ದಾರಿ ಮೊದಲ ರೇಖೆಯಲ್ಲೇ ಇರಬೇಕು: ಮುಂದಿನ ಬಂಪರಿನಿಂದ ಎರಡು ಉದ್ದ ತೊಲೆಗಳಿಗೆ, ಅಲ್ಲಿಂದ ನೆಲದ ಕೆಳಗೆ ಮತ್ತು ಬಾಗಿಲ ಹೊಸ್ತಿಲಿಗೆ. ಮುಂಭಾಗ ಮಡಚಿಕೊಳ್ಳಲಿ, ಒಳಕೋಣೆ ಮಡಚಬಾರದು. ಎಲ್ಲ ಕಡೆ ದಪ್ಪ ತಗಡು ಹಾಕಬೇಕಾಗಿಲ್ಲ. ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ), ಬಿ-ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲ ನಡುವಿನ ಕಂಬ), ಹೊಸ್ತಿಲು, ಬಾಗಿಲ ಒಳಗಿನ ಅಡ್ಡಪಟ್ಟಿಗೆ ಮಾತ್ರ ಹೆಚ್ಚು ಬಲದ ಉಕ್ಕು ಹಾಕಿ, ಉಳಿದ ಕಡೆ ಸಾದಾ ಉಕ್ಕು ಸಾಕು. ಈ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಕ್ರ್ಯಾಶ್ ಸಿಮ್ಯುಲೇಷನ್ ಮಾಡುವವರು ಬೇಕು. ಅಂಥವರು ಬೆಂಗಳೂರಿನಲ್ಲಿ ಇರುವಷ್ಟು ಎಲ್ಲೂ ಸುಲಭವಾಗಿ ಸಿಗಲಾರರು.

ಕಾನೂನಿನ ಮಟ್ಟ ಈಗ ಹೀಗಿದೆ: ಮುಂಭಾಗ ಗುದ್ದಿಸುವ ಪರೀಕ್ಷೆ 56 ಕಿ.ಮೀ. ವೇಗದಲ್ಲಿ, ಪಕ್ಕದ್ದು 50ರಲ್ಲಿ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯ, ಮುಂದಿನ ಎರಡು ಏರ್‌ಬ್ಯಾಗ್ ಕಡ್ಡಾಯ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿದೆ. ಅಲ್ಲಿ ಮುಂಭಾಗದ ಪರೀಕ್ಷೆ 64 ಕಿ.ಮೀ. ವೇಗದಲ್ಲಿ. ಗುರಿ ಅದಕ್ಕೇ ಇಡಿ. ಬಡವರ ಕಾರು ಅಂತ ಬಡವರ ಪ್ರಾಣಕ್ಕೆ ಕಡಿಮೆ ಬೆಲೆ ಕಟ್ಟುವ ಹಕ್ಕು ನಮಗಿಲ್ಲ. 10,000 ರೂಪಾಯಿ ಸಾಲದಿದ್ದರೆ ಸೀಟಿನ ಬಟ್ಟೆಯಿಂದ, ಬಂಪರಿನ ಬಣ್ಣದಿಂದ ತನ್ನಿ.

ಹಂತ 7: ಪೆಟ್ರೋಲೋ ಬ್ಯಾಟರಿಯೋ

ಹೊಸ ಎಂಜಿನ್ ಮಾಡುವ ಆಸೆ ಬಿಡಿ. ಬಿಎಸ್6 ಹೊಗೆ ನಿಯಮದ ಮಟ್ಟಕ್ಕೆ ಎಂಜಿನ್ ತರುವ ಖರ್ಚೇ ಕಾರಿನ ಯೋಜನೆಯನ್ನು ಮುಳುಗಿಸಬಹುದು. ಈಗಾಗಲೇ ಲಕ್ಷಗಟ್ಟಲೆ ತಯಾರಾಗುತ್ತಿರುವ ಮೂರು ಸಿಲಿಂಡರಿನ 1 ಲೀಟರ್ ಎಂಜಿನ್ ಕೊಳ್ಳುವ ಒಪ್ಪಂದ ನೋಡಿ. ಇ20 ಪೆಟ್ರೋಲಿಗೆ (20% ಎಥೆನಾಲ್ ಬೆರೆಸಿದ್ದು) ಹೊಂದುವ ಪೈಪು, ಸೀಲ್, ಪಂಪ್ ಇರಲೇಬೇಕು.

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಗಾಳಿ ತೆಳು. ಟರ್ಬೊ (ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಸಾಧನ) ಇಲ್ಲದ ಎಂಜಿನ್ ಇಲ್ಲಿ ಸುಮಾರು 10% ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ 67 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ಕೊಡುವುದು ಇಲ್ಲಿ 60ರ ಹತ್ತಿರ. ನಂದಿ ಬೆಟ್ಟದ ತುದಿ 1,478 ಮೀಟರ್. ಐದು ಜನ, ಎಸಿ ಹಾಕಿಕೊಂಡು ಅಲ್ಲಿಗೆ ಹತ್ತಿಸಿ ನೋಡಿ, ಮೊದಲ ಗೇರಿನ ಅನುಪಾತ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಎಲೆಕ್ಟ್ರಿಕ್ ಆದರೆ ಲೆಕ್ಕ ಬೇರೆ. ಸಣ್ಣ ಕಾರಿಗೆ ಒಂದು ಕಿ.ಮೀ.ಗೆ 0.1 ಯೂನಿಟ್ ಅಂತ ಹಿಡಿಯಿರಿ. 15 ಯೂನಿಟ್ ಬ್ಯಾಟರಿಯಲ್ಲಿ 85% ಬಳಸಿದರೆ 120 ಕಿ.ಮೀ. ದಾಟುತ್ತದೆ. ಊರೊಳಗೆ ಸಾಕು. ತಿಂಗಳಿಗೆ 800 ಕಿ.ಮೀ.ಗೆ ಕರೆಂಟು 600, 700 ರೂಪಾಯಿ. ಪೆಟ್ರೋಲಿಗಿಂತ ತಿಂಗಳಿಗೆ 3,500 ರೂಪಾಯಿಗೂ ಹೆಚ್ಚು ಉಳಿತಾಯ. 7 ವರ್ಷಕ್ಕೆ 2.9 ಲಕ್ಷ ಮೀರುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಕಾರಿನ ಬೆಲೆ ಸ್ವಲ್ಪ ಜಾಸ್ತಿ ಇದ್ದರೂ ತಿಂಗಳ ಲೆಕ್ಕದಲ್ಲಿ ಗೆಲ್ಲಬಹುದು. ತೊಡಕು ಇರುವುದು ಚಾರ್ಜಿಂಗ್‌ನಲ್ಲಿ. ಬಾಡಿಗೆ ಮನೆಯವರು, ಬೀದಿಯಲ್ಲಿ ನಿಲ್ಲಿಸುವವರು ರಾತ್ರಿ ಎಲ್ಲಿ ಚಾರ್ಜ್ ಮಾಡಬೇಕು? ಇದಕ್ಕೆ ಉತ್ತರ ಇಲ್ಲದಿದ್ದರೆ ಈ ಗಿರಾಕಿಗೆ ಪೆಟ್ರೋಲ್ ಕಾರೇ ಮಾಡಿ. 15 ಆಂಪಿಯರ್ ಸಾಕೆಟ್ ಸಾಕಾಗುವ ಹಾಗೆ ಚಾರ್ಜರ್ ಇಟ್ಟರೆ ಅರ್ಧ ಸಮಸ್ಯೆ ಕಡಿಮೆ ಆಗುತ್ತದೆ. ಬ್ಯಾಟರಿ ದೊಡ್ಡದು ಮಾಡುವ ಆಸೆಗೆ ಬೀಳಬೇಡಿ.

ಹಂತ 8: ಎಲ್ಲಿ ಉಳಿಸಬಹುದು

ಗಿರಾಕಿ ಮುಟ್ಟದ, ನೋಡದ ಕಡೆ ಉಳಿಸಿ. ರೊಮೇನಿಯಾದ ಡಾಸಿಯಾ ಕಂಪನಿಯ ಲೋಗನ್ 2004ರಲ್ಲಿ 5,000 ಯೂರೋ ಗುರಿ ಇಟ್ಟುಕೊಂಡು ಬಂದ ಕಾರು. ಅದರ ಹೊರಗಿನ ಕನ್ನಡಿ ಎಡಕ್ಕೂ ಬಲಕ್ಕೂ ಒಂದೇ. ಒಂದೇ ಅಚ್ಚು ಸಾಕು, ಅಂಗಡಿಯಲ್ಲಿ ಒಂದೇ ಸ್ಟಾಕ್ ಸಾಕು. ಮುಂದಿನ ಗಾಜು ಹೆಚ್ಚು ಬಾಗಿಲ್ಲ, ಡ್ಯಾಶ್‌ಬೋರ್ಡ್ ಒಂದೇ ತುಂಡು. ನ್ಯಾನೊ, ರೆನೋ ಕಂಪನಿಯ ಕ್ವಿಡ್ ಎರಡರಲ್ಲೂ ಚಕ್ರಕ್ಕೆ ಮೂರೇ ನಟ್. ವೈಪರ್ ಒಂದೇ ಸಾಕು, ಎಟಿಯೋಸ್‌ನಲ್ಲೂ ಒಂದೇ ಇತ್ತು. ಮೀಟರ್ ಅನ್ನು ಡ್ಯಾಶ್‌ಬೋರ್ಡ್ ನಡುವೆ ಇಟ್ಟರೆ ಎಡ ಸ್ಟೀರಿಂಗ್ ದೇಶಗಳಿಗೂ ಹೆಚ್ಚು ಬದಲಾವಣೆ ಇಲ್ಲದೆ ಹೊಂದುತ್ತದೆ.

ನಾನು ಇನ್ನೂ ಮೂರು ಕಡೆ ನೋಡಲು ಹೇಳುತ್ತೇನೆ. ಒಂದು, ವೈರಿಂಗ್. ತಾಮ್ರ ದುಬಾರಿ, ಜೋಡಿಸುವ ಕೂಲಿಯೂ ಜಾಸ್ತಿ. ಬ್ಯಾಟರಿ, ಫ್ಯೂಸ್ ಡಬ್ಬ, ಇಸಿಯು ಹತ್ತಿರ ಹತ್ತಿರ ಇಟ್ಟರೆ ಮೀಟರ್‌ಗಟ್ಟಲೆ ತಂತಿ ಉಳಿಯುತ್ತದೆ. ಎರಡು, ಬೋಲ್ಟ್‌ಗಳ ಬಗೆ. ಇಡೀ ಕಾರಿಗೆ ಐದಾರು ಸೈಜಿನಲ್ಲೇ ಮುಗಿಸಿ. ಮೂರು, ಬಣ್ಣ. ಪೇಂಟ್ ಶಾಪ್ ಕಾರ್ಖಾನೆಯ ಅತಿ ದುಬಾರಿ ಭಾಗಗಳಲ್ಲಿ ಒಂದು. ಬಂಪರ್, ಕನ್ನಡಿ, ಹಿಡಿಕೆಗಳನ್ನು ಬಣ್ಣ ಬೆರೆಸಿದ ಪ್ಲಾಸ್ಟಿಕ್‌ನಲ್ಲೇ ಅಚ್ಚು ಹಾಕಿ. ಬೂದು ಬಂಪರ್ ನಗರದ ಗೀರುಗಳನ್ನು ಚೆನ್ನಾಗಿ ಮರೆಮಾಚುತ್ತದೆ ಕೂಡ.

ಮುಟ್ಟಬಾರದ್ದು: ಬಾಗಿಲು ಮುಚ್ಚುವ ಸದ್ದು, ಸ್ಟೀರಿಂಗ್ ಹಿಡಿತ, ಸೀಟಿನ ಬೆನ್ನು, ಎಸಿ, ಮುಖದ ಅಂದ. 2015ರಲ್ಲಿ ಬಂದ ಕ್ವಿಡ್ ಅನ್ನು ಜನ ಮೆಚ್ಚಿದ್ದು ಅದರ ಎಸ್‌ಯುವಿ ಥರದ ನಿಲುವಿಗೆ, ಟಚ್ ಸ್ಕ್ರೀನ್‌ಗೆ. 2.56 ಲಕ್ಷದಿಂದ ಶುರುವಾದ ಕಾರು ಅಂತ ನೋಡಿದವರಿಗೆ ಅನ್ನಿಸುತ್ತಿರಲಿಲ್ಲ. ಸುರಕ್ಷತೆಯಲ್ಲಿ ಅದು ಹಿಂದೆ ಬಿತ್ತು, 2016ರಲ್ಲಿ 1 ಸ್ಟಾರ್ ದಾಟಲಿಲ್ಲ. ಅಂದ ಅದರಿಂದ ಕಲಿಯಿರಿ, ಚೌಕಟ್ಟು ಬೇರೆ ಕಡೆಯಿಂದ.

ಹಂತ 9: ಬಿಚ್ಚಿ ನೋಡಿ, ಆಮೇಲೆ ಕೊಳ್ಳಿ

ಎದುರಾಳಿಯ ಎರಡು ಮೂರು ಕಾರು ತಂದು ಪೂರ್ತಿ ಬಿಚ್ಚಿ. ಪ್ರತಿ ತುಂಡನ್ನೂ ತೂಗಿ, ಫೋಟೊ ತೆಗೆದು, ಹಾಳೆಯಲ್ಲಿ ಬರೆಯಿರಿ. ಯಾವುದರಿಂದ ಮಾಡಿದ್ದು, ಎಷ್ಟು ಹೊಡೆತದಲ್ಲಿ ಒತ್ತಿದ್ದು, ಬೆಲೆ ಎಷ್ಟಿರಬಹುದು ಅಂತ ಅಂದಾಜು ಮಾಡಿ. ಆ ಹಾಳೆ ಹಿಡಿದು ಪೀಣ್ಯದ ಪೂರೈಕೆದಾರರ ಬಳಿ ಹೋಗಿ. ಡ್ರಾಯಿಂಗ್ ಕೊಟ್ಟು "ಎಷ್ಟಾಗುತ್ತೆ" ಅಂತ ಕೇಳಬೇಡಿ. "ಇಷ್ಟು ರೂಪಾಯಿಗೆ, ಈ ಕೆಲಸ ಮಾಡುವ ವಸ್ತು ಬೇಕು, ಹೇಗೆ ಮಾಡಬಹುದು" ಅಂತ ಕೇಳಿ. ಇಪ್ಪತ್ತು ವರ್ಷ ಪ್ರೆಸ್ ಮುಂದೆ ನಿಂತವರು ಒಂದು ತೂತು ಸರಿಸಿ, ಒಂದು ಮಡಿಕೆ ತೆಗೆದು ಒಂದು ಇಡೀ ಹಂತ ಉಳಿಸಿಕೊಡುತ್ತಾರೆ. ಅಂಥ ಮಾತನ್ನು ಕೇಳುವ ವ್ಯವಧಾನ ಇರಬೇಕು. ಆಮದು ಬಿಡಿಭಾಗ ಆದಷ್ಟು ಕಡಿಮೆ ಮಾಡಿ. ಡಾಲರ್ ಏರಿದರೆ ನಿಮ್ಮ 2.45 ಲಕ್ಷದ ಲೆಕ್ಕ ಒಂದೇ ದಿನದಲ್ಲಿ ಕೆಡುತ್ತದೆ. ಕ್ವಿಡ್‌ನಲ್ಲಿ 98% ಸ್ಥಳೀಯ ಅಂತ ಕಂಪನಿ ಹೇಳಿಕೊಂಡಿತ್ತು. ಅದರ ಬೆಲೆಯ ಹಿಂದೆ ಈ ಕೆಲಸ ಇದೆ.

ಹಂತ 10: ಓಡಿಸಿ ಕೆಡಿಸಿ

ಮೊದಲ ಮಾದರಿಗಳನ್ನು ಪ್ರದರ್ಶನಕ್ಕೆ ಇಡಬೇಡಿ, ಕೆಡಿಸಲು ಇಡಿ. ಹೊಸೂರು ರಸ್ತೆಯ ಸಂಜೆ ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ನಿಲ್ಲಿಸಿ, ಕ್ಲಚ್ ಎಷ್ಟು ಬಿಸಿಯಾಗುತ್ತದೆ ನೋಡಿ. ಚಾರ್ಮಾಡಿ ಘಾಟಿ ಇಳಿಸಿ ಬ್ರೇಕ್ ನೋಡಿ, ಆಗುಂಬೆಯ ಮಳೆಯಲ್ಲಿ ಸೀಲ್ ನೋಡಿ, ರಾಯಚೂರಿನ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ನೋಡಿ, ಮಂಗಳೂರಿನ ಉಪ್ಪುಗಾಳಿಯಲ್ಲಿ ತುಕ್ಕು ನೋಡಿ. ಒಂದೇ ರಾಜ್ಯದಲ್ಲಿ ಇಷ್ಟೆಲ್ಲ ಸಿಗುವುದು ನಮ್ಮ ಅನುಕೂಲ. ಆಮೇಲೆ ಸರ್ಕಾರಿ ಅನುಮೋದನೆಗೆ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್. ವೇಗದ ಪರೀಕ್ಷೆಗೆ ಇಂದೋರ್ ಬಳಿಯ ನ್ಯಾಟ್ರಾಕ್ಸ್‌ನಲ್ಲಿ 11.3 ಕಿ.ಮೀ. ಟ್ರ್ಯಾಕ್ ಇದೆ. ಈ ಸಂಸ್ಥೆಗಳ ಸಮಯ ಮೊದಲೇ ಗೊತ್ತು ಮಾಡಿಕೊಳ್ಳಿ.

ಹಂತ 11: ರಿಪೇರಿಯೂ ವಿನ್ಯಾಸವೇ

ಈ ಕಾರು ತುಮಕೂರು, ಶಿರಸಿ, ಗಂಗಾವತಿಯ ಮೆಕ್ಯಾನಿಕ್‌ಗಳ ಕೈಗೆ ಹೋಗುತ್ತದೆ. ಹೆಡ್‌ಲೈಟ್ ಬಲ್ಬ್ ಬದಲಿಸಲು ಬಂಪರ್ ಬಿಚ್ಚುವ ಹಾಗಿರಬಾರದು. ಏರ್ ಫಿಲ್ಟರ್, ಆಯಿಲ್ ಫಿಲ್ಟರ್, ಬೆಲ್ಟ್ ಮಾಮೂಲಿ ಸ್ಪ್ಯಾನರಿಗೆ ಸಿಗಬೇಕು. ಮುಂದಿನ ಬಂಪರನ್ನು ಮೂರು ತುಂಡು ಮಾಡಿ. ಒಂದು ಮೂಲೆ ಒಡೆದರೆ ಅದೊಂದನ್ನೇ ಬದಲಿಸಬಹುದು.

ಕಾರು ಬಿಡುಗಡೆಗೆ ಮುಂಚೆ ಒಂದು ಪಟ್ಟಿ ಮಾಡಿ: ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಹೆಡ್‌ಲೈಟ್, ಕನ್ನಡಿ, ಬಂಪರ್ ಮೂಲೆ, ಮುಂದಿನ ಗಾಜು. ಎಲ್ಲದರ ಬೆಲೆ ಕೂಡಿ. ಅದೇ ಪಟ್ಟಿ ಹಿಡಿದು ಜೆ.ಸಿ. ರಸ್ತೆಗೆ ಹೋಗಿ, ಎದುರಾಳಿ ಕಾರಿನ ಬಿಡಿಭಾಗಗಳ ಬೆಲೆ ಕೇಳಿ ಬರೆದುಕೊಳ್ಳಿ. ನಿಮ್ಮ ಮೊತ್ತ ಜಾಸ್ತಿ ಬಂದರೆ ಯಾವ ತುಂಡು ಏರಿಸಿತು ನೋಡಿ, ಅದನ್ನು ಮತ್ತೆ ಡ್ರಾಯಿಂಗ್ ಬೋರ್ಡಿಗೆ ತನ್ನಿ. ಆ ಅಂಗಡಿಗಳಲ್ಲಿ ನಿಮ್ಮ ಬಿಡಿಭಾಗ ಇಡಲು ಒಪ್ಪುವ ವ್ಯಾಪಾರಿಗಳನ್ನು ಕಾರು ಮಾರುವ ಡೀಲರ್‌ಗಳಿಗಿಂತ ಮೊದಲೇ ಹುಡುಕಿ.